ಬಟ್ಟೆ ಚೀಲ ಹಗುರ, ಬಿಸಿನೀರು ಭಾರ

ಅಡುಗೆಮನೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಚೀಲಗಳನ್ನು ಒಮ್ಮೆ ಇಳಿಸಿ ನೋಡಿ. ಮದುವೆ, ಮುಂಜಿ, ಗೃಹಪ್ರವೇಶ ಎಂದು ಕರೆದಲ್ಲೆಲ್ಲ ಹೋಗಿ, ಊಟ ಮುಗಿಸಿ, ತೆಂಗಿನಕಾಯಿಯ ಜೊತೆ ಕೈಗೆ ಬಂದ ತಾಂಬೂಲದ ಚೀಲಗಳು ಒಂದರೊಳಗೊಂದು ತುರುಕಿಕೊಂಡು ಕೂತಿರುತ್ತವೆ. ಒಂದು ಬದಿಯಲ್ಲಿ ವಧೂವರರ ಹೆಸರು, ಇನ್ನೊಂದು ಬದಿಯಲ್ಲಿ ಗಣಪತಿ. ಇವುಗಳಲ್ಲಿ ಹೆಚ್ಚಿನವನ್ನು ನಾವು ಬಟ್ಟೆ ಚೀಲ ಎಂದೇ ತಿಳಿದಿದ್ದೇವೆ. ಮುಟ್ಟಿದರೆ ಬಟ್ಟೆಯ ಹಾಗೇ ಇರುತ್ತದೆ. ಹತ್ತಿರ ಹಿಡಿದು ನೋಡಿದರೆ ನೇಯ್ಗೆಯ ಎಳೆ ಕಾಣುವುದಿಲ್ಲ, ಸಣ್ಣ ಸಣ್ಣ ಚುಕ್ಕಿ ಒತ್ತಿದ ಗುರುತು ಕಾಣುತ್ತದೆ. ಅದು ಪಾಲಿಪ್ರೊಪಿಲೀನ್, ಅಪ್ಪಟ ಪ್ಲಾಸ್ಟಿಕ್. ಬಿಸಿಲು ಬೀಳುವ ಕಡೆ ಕೆಲವು ತಿಂಗಳು ಬಿಟ್ಟರೆ ಪುಡಿಪುಡಿಯಾಗಿ ಉದುರುತ್ತದೆ. ಚದರ ಮೀಟರಿಗೆ 60 ಗ್ರಾಂಗಿಂತ ತೆಳುವಾದ ಇಂಥ ಚೀಲಗಳಿಗೆ ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 30ರಿಂದ ನಿಷೇಧ ಹೇರಿದೆ. ಕರ್ನಾಟಕವಂತೂ 2016ರಲ್ಲೇ ಪ್ಲಾಸ್ಟಿಕ್ ಕೈಚೀಲಗಳನ್ನು ದಪ್ಪ, ತೆಳು ಎನ್ನದೆ ನಿಷೇಧಿಸಿತ್ತು. ಮೊಳೆ ಮಾತ್ರ ಇನ್ನೂ ಖಾಲಿಯಾಗಿಲ್ಲ.

ಸರಿ, ಇವೆಲ್ಲ ಬೇಡ, ಅಸಲಿ ಹತ್ತಿ ಚೀಲವನ್ನೇ ಕೊಳ್ಳೋಣ ಎಂದುಕೊಂಡರೆ ಅಲ್ಲೂ ಒಂದು ಲೆಕ್ಕ ಕಾದಿದೆ. ಡೆನ್ಮಾರ್ಕಿನ ಪರಿಸರ ಇಲಾಖೆ 2018ರಲ್ಲಿ ಅಂಗಡಿ ಚೀಲಗಳ ಜಾತಕವನ್ನೇ ಬರೆಯಿತು. ಹತ್ತಿ ಬೆಳೆಯಲು ಬೇಕಾದ ನೀರು, ಗೊಬ್ಬರ, ಕೀಟನಾಶಕ, ಗಿರಣಿಯ ವಿದ್ಯುತ್ ಎಲ್ಲವನ್ನೂ ಕೂಡಿಸಿತು. ಹವಾಮಾನದ ದೃಷ್ಟಿಯಿಂದಷ್ಟೇ ನೋಡಿದರೂ, ಸಾಧಾರಣ ಹತ್ತಿ ಚೀಲವೊಂದು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಅದನ್ನು 52 ಸಲ ಬಳಸಬೇಕು. ನೀರು, ಓಜೋನ್ ಮುಂತಾದ ಎಲ್ಲ ಅಳತೆಗಳಲ್ಲೂ ಗೆಲ್ಲಬೇಕೆಂದರೆ 7,100 ಸಲ! ಸಾವಯವ ಹತ್ತಿಯದಾದರೆ ಇನ್ನೂ ಹೆಚ್ಚು, 20 ಸಾವಿರ ಸಲ. ದಿನಕ್ಕೊಂದು ಸಲ ಸಂತೆಗೆ ಹೋದರೂ ಅರ್ಧ ಶತಮಾನ ದಾಟುತ್ತದೆ. ವಿಚಾರ ಸಂಕಿರಣಗಳಲ್ಲಿ, ಮ್ಯಾರಥಾನುಗಳಲ್ಲಿ, ಪುಸ್ತಕ ಮೇಳಗಳಲ್ಲಿ ಪರಿಸರ ಕಾಳಜಿಯ ಹೆಸರಿನಲ್ಲಿ ಪುಕ್ಕಟೆ ಹಂಚುವ ಹತ್ತಿ ಚೀಲಗಳು ಕಪಾಟಿನಲ್ಲೇ ಉಳಿದರೆ, ಅವು ಪ್ಲಾಸ್ಟಿಕ್ಕಿಗಿಂತ ದುಬಾರಿ ಪಾಪ.

ಹಾಗಂತ ಪ್ಲಾಸ್ಟಿಕ್ ಚೀಲಕ್ಕೆ ಕ್ಲೀನ್‌ಚಿಟ್ ಕೊಟ್ಟಂತೆ ಆಗಲಿಲ್ಲ. ಆ ಅಧ್ಯಯನ ಬೀದಿಗೆ ಬಿದ್ದ ಕಸದ ಹಾನಿಯನ್ನು ಲೆಕ್ಕಕ್ಕೆ ಹಿಡಿಯಲೇ ಇಲ್ಲ. ಕಸದ ದೊಡ್ಡ ಪಾಲನ್ನು ಒಲೆಗೆ ಹಾಕಿ ವಿದ್ಯುತ್ ತೆಗೆಯುವ ದೇಶ ಅದು. ನಮ್ಮಲ್ಲಿ ಚೀಲ ರಾಜಕಾಲುವೆಗೆ ಹೋಗುತ್ತದೆ, ಕೆರೆಯ ಕೋಡಿಗೆ ಸಿಕ್ಕಿಕೊಳ್ಳುತ್ತದೆ, ತೊಟ್ಟಿ ಮುಂದೆ ನಿಂತ ಹಸುವಿನ ಹೊಟ್ಟೆ ಸೇರುತ್ತದೆ. ಆದ್ದರಿಂದ ಚೀಲ ಒಯ್ಯುವ ಅಭ್ಯಾಸ ಬೇಕೇ ಬೇಕು. ಹಳೆಯ ಪಂಚೆಯಿಂದಲೋ, ಸೀರೆಯ ತುಂಡಿನಿಂದಲೋ ಹೊಲಿಸಿದ್ದಾದರೆ ಯಾವ ಡೆನ್ಮಾರ್ಕಿನ ಲೆಕ್ಕವೂ ಅದನ್ನು ಸೋಲಿಸಲಾರದು. ನನ್ನ ತಕರಾರು ಚೀಲದ ಮೇಲಲ್ಲ. ಚೀಲ ಹಿಡಿದು ಹೊರಟ ಮೇಲೆ ಪರಿಸರಕ್ಕೆ ನನ್ನ ಪಾಲಿನದು ಸಂದಾಯವಾಯಿತು ಎಂಬ ನಿರಾಳ ಭಾವ ಮೂಡುತ್ತದಲ್ಲ, ಅದರ ಮೇಲೆ. ಕಣ್ಣಿಗೆ ಕಾಣುವ ಅಭ್ಯಾಸಗಳು ಸಾಮಾನ್ಯವಾಗಿ ತೂಕದಲ್ಲಿ ಹಗುರ. ಭಾರವಾದವು ಬಚ್ಚಲುಮನೆಯಲ್ಲಿ, ಕಸದ ಡಬ್ಬದಲ್ಲಿ, ಗಾಡಿಯ ಟ್ಯಾಂಕಿನಲ್ಲಿ ಅಡಗಿರುತ್ತವೆ.

ಒಬ್ಬೊಬ್ಬರೂ ತಮ್ಮ ಇಂಗಾಲದ ಲೆಕ್ಕ ತಾವೇ ಹಾಕಿಕೊಳ್ಳಬೇಕು ಎಂಬ ಮಾತು ಜನಪ್ರಿಯವಾದ ಬಗೆಯೂ ತಮಾಷೆಯದೇ. 'ಕಾರ್ಬನ್ ಫುಟ್‌ಪ್ರಿಂಟ್' ಎಂಬ ಪದವನ್ನು ಮನೆಮಾತು ಮಾಡಿದ್ದು ಪರಿಸರವಾದಿಗಳಲ್ಲ, ಬ್ರಿಟಿಷ್ ಪೆಟ್ರೋಲಿಯಂ ಎಂಬ ತೈಲ ಕಂಪನಿ. ಒಗಿಲ್ವಿ ಜಾಹೀರಾತು ಸಂಸ್ಥೆಯ ನೆರವಿನಿಂದ ಈ ಶತಮಾನದ ಮೊದಲ ದಶಕದಲ್ಲಿ ಅದು ದೊಡ್ಡ ಪ್ರಚಾರ ನಡೆಸಿ, 2004ರ ಸುಮಾರಿಗೆ ಜನರ ಕೈಗೆ ಲೆಕ್ಕ ಹಾಕುವ ಯಂತ್ರವನ್ನೂ ಕೊಟ್ಟಿತು. ತೈಲ ತೆಗೆಯುವವನು ಬಳಸುವವನತ್ತ ಬೆರಳು ತೋರಿಸಿದ ಹಾಗಾಯಿತು. ಈ ಹಿನ್ನೆಲೆ ಗೊತ್ತಿದ್ದವರು 'ವೈಯಕ್ತಿಕ ಅಭ್ಯಾಸದಿಂದ ಏನೂ ಆಗುವುದಿಲ್ಲ, ಸರ್ಕಾರ ಮಾಡಲಿ' ಎಂದು ಕೈಕೊಡವುತ್ತಾರೆ. ಕೇಂದ್ರ ಸರ್ಕಾರವೋ, ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ 2021ರಲ್ಲಿ ಹೇಳಿದ್ದನ್ನು 2022ರ ಅಕ್ಟೋಬರಿನಲ್ಲಿ 'ಮಿಷನ್ ಲೈಫ್' ಎಂದು ಹೆಸರಿಟ್ಟು ಜನರ ಜೀವನಶೈಲಿಯೇ ಮದ್ದು ಎನ್ನುತ್ತದೆ. ಚೆಂಡು ಅಂಗಳದಿಂದ ಅಂಗಳಕ್ಕೆ. ನನಗೆ ಎರಡೂ ವಾದಗಳು ಅರ್ಧ ನಿಜ ಎನಿಸುತ್ತವೆ. ಯಾವ ಅಭ್ಯಾಸ ಎಷ್ಟು ತೂಗುತ್ತದೆ ಎಂದು ನೋಡದೆ ಈ ಜಗಳ ಬಗೆಹರಿಯದು.

ಬೆಂಗಳೂರಿನ ಒಂದು ಮನೆಯನ್ನೇ ತೆಗೆದುಕೊಳ್ಳಿ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಡುತ್ತದೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಹೀಗೆ ಹಂತಹಂತವಾಗಿ ಪಂಪ್ ಮಾಡುತ್ತಾ ಸುಮಾರು 100 ಕಿಲೋಮೀಟರ್ ದೂರ, ಒಟ್ಟು 500 ಮೀಟರಿನಷ್ಟು ಎತ್ತರಕ್ಕೆ ತಳ್ಳಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ನುಂಗುವುದು ಈ ಪಂಪುಗಳ ಕರೆಂಟ್ ಬಿಲ್ಲೇ. 1974ರಲ್ಲಿ ಮೊದಲ ಹಂತದ ನೀರು ಬಂತು, 2024ರ ಅಕ್ಟೋಬರಿನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳ ಪೈಕಿ ಅರ್ಧದಷ್ಟು ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದೂ ಆಗಲೇ.

ಈಗ ಸ್ವಲ್ಪ ಗಣಿತ. 20 ಲೀಟರಿನ ಒಂದು ಬಕೆಟ್ ನೀರನ್ನು 500 ಮೀಟರ್ ಎತ್ತಲು, ಪಂಪಿನ ನಷ್ಟವನ್ನೂ ಸೇರಿಸಿ, ಸುಮಾರು 0.04 ಯೂನಿಟ್ ವಿದ್ಯುತ್ ಸಾಕು. ಅದೇ ಬಕೆಟ್ ನೀರನ್ನು ಗೀಸರಿನಲ್ಲಿ 20 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಲು ಬೇಕಾಗುವುದು ಹತ್ತಿರಹತ್ತಿರ 0.47 ಯೂನಿಟ್. ಅಂದರೆ ಮಳವಳ್ಳಿಯಿಂದ ಮಲ್ಲೇಶ್ವರದವರೆಗೆ ಹೊತ್ತು ತಂದದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಶಕ್ತಿ, ಬಚ್ಚಲಿನ ಗೋಡೆಗೆ ತೂಗುಹಾಕಿದ ಆ ಬಿಳಿ ಡಬ್ಬದಲ್ಲಿ ಹತ್ತೇ ನಿಮಿಷದಲ್ಲಿ ಖರ್ಚಾಗುತ್ತದೆ. ನೀರು ಉಳಿಸಿ ಎಂಬ ಫಲಕ ಎಲ್ಲ ಕಡೆ ಇದೆ. ಬಿಸಿನೀರು ಉಳಿಸಿ ಎಂಬ ಫಲಕವನ್ನು ನಾನಂತೂ ಎಲ್ಲೂ ನೋಡಿಲ್ಲ.

ಬಕೆಟ್ಟು, ಚೊಂಬಿನ ಸ್ನಾನಕ್ಕೆ ಒಬ್ಬರಿಗೆ 20 ಲೀಟರ್ ಸಾಕು. ಶವರ್ ನಿಮಿಷಕ್ಕೆ 10 ಲೀಟರ್ ಸುರಿಯುತ್ತದೆಂದು ಇಟ್ಟುಕೊಂಡರೂ ಎಂಟು ನಿಮಿಷಕ್ಕೆ 80 ಲೀಟರ್. ನಾಲ್ಕು ಜನರ ಮನೆಯಲ್ಲಿ ಬಕೆಟ್ ಸ್ನಾನಕ್ಕೆ ದಿನಕ್ಕೆ ಎರಡು ಯೂನಿಟ್ಟಿನ ಒಳಗೆ, ಶವರ್ ಸ್ನಾನಕ್ಕೆ ಏಳು ಯೂನಿಟ್ಟಿಗೂ ಮೇಲೆ. ವ್ಯತ್ಯಾಸವೇ ತಿಂಗಳಿಗೆ ಸುಮಾರು 167 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿ 200 ಯೂನಿಟ್ ಎಂಬುದನ್ನು ನೆನಪಿಸಿಕೊಂಡರೆ ಈ ಅಂಕಿಯ ತೂಕ ತಿಳಿಯುತ್ತದೆ. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹಾಗಾಗಿ ಶವರಿನ ಮನೆ ವರ್ಷಕ್ಕೆ ಹೆಚ್ಚುವರಿಯಾಗಿ ಕಾರುವುದು 1,400 ಕಿಲೋ. ಗೃಹಜ್ಯೋತಿ ಬಡವರಿಗೆ ಆಸರೆಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸೊನ್ನೆ ಬಿಲ್ ಬಂದ ಮೇಲೆ ಮೀಟರಿನ ಯೂನಿಟ್ ಎಷ್ಟು ಎಂದು ನೋಡುವ ರೂಢಿಯೇ ಹೊರಟುಹೋಗಿದೆ. ರೀಡಿಂಗ್ ಈಗಲೂ ಆ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಹಣದ ಕಾಲಂ ಬಿಟ್ಟು ಯೂನಿಟ್ಟಿನ ಕಾಲಂ ಓದುವುದೂ ಒಂದು ಒಳ್ಳೆಯ ಅಭ್ಯಾಸವೇ.

ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರುಗಳಿಗೆ ಬರವಿಲ್ಲ. ಈ ವಿಷಯದಲ್ಲಿ ನಮ್ಮ ನಗರ ಉಳಿದವರಿಗಿಂತ ಬಹಳ ಮುಂದೆ. ಅದರಲ್ಲೂ ಒಂದು ಸಣ್ಣ ತೊಡಕಿದೆ, ಸೋಲಾರ್ ಇರುವ ಮನೆಯವರಿಗೆಲ್ಲ ಗೊತ್ತಿರುವಂಥದ್ದು. ತಾರಸಿಯಿಂದ ಬಚ್ಚಲಿನವರೆಗಿನ ಪೈಪಿನಲ್ಲಿ ರಾತ್ರಿಯೆಲ್ಲ ತಣ್ಣಗಾದ ನೀರು ನಿಂತಿರುತ್ತದೆ. ಬಿಸಿ ಬರುವವರೆಗೆ ನಾಲ್ಕೈದು ಲೀಟರ್ ಸುಮ್ಮನೆ ಮೋರಿ ಸೇರುತ್ತದೆ. ಮೊದಲು ನಲ್ಲಿ ತಿರುಗಿಸುವವರು ಒಂದು ಖಾಲಿ ಬಕೆಟ್ ಇಟ್ಟು ಅದನ್ನು ಹಿಡಿದಿಟ್ಟರೆ ನೆಲ ಒರೆಸಲು ಬೇರೆ ನೀರು ಬೇಕಾಗದು. ಮನೆಯವರೆಲ್ಲ ಬೆನ್ನುಬೆನ್ನಿಗೆ ಸ್ನಾನ ಮುಗಿಸಿದರೆ ಪೈಪು ನಡುವೆ ತಣಿಯುವುದೂ ಇಲ್ಲ. ಸೋಲಾರ್ ಇಲ್ಲದವರು ಗೀಸರಿನ ಥರ್ಮೋಸ್ಟಾಟನ್ನು 60ರಿಂದ 50 ಡಿಗ್ರಿಯ ಆಸುಪಾಸಿಗೆ ಇಳಿಸಿಕೊಳ್ಳಬಹುದು, ಸ್ನಾನ ಆದೊಡನೆ ಸ್ವಿಚ್ ಆರಿಸಬಹುದು. ಕುದಿಯುವ ನೀರು ತುಂಬಿಸಿಕೊಂಡು ಅದಕ್ಕೆ ತಣ್ಣೀರು ಬೆರೆಸುವುದರಲ್ಲಿ ಯಾವ ಸುಖವೂ ಹೆಚ್ಚುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ಅಸ್ತ್ರ ಒಲೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮುಂದಾಳತ್ವದಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಹುಟ್ಟಿದ ಕೇಂದ್ರ 'ಅಸ್ತ್ರ'. ಅವರು ಹಳ್ಳಿಗೆ ಹೋಗಿ ಸೌದೆ ಕಡಿಮೆ ಉರಿಸಿ, ಕಾಡು ಉಳಿಸಿ ಎಂದು ಭಾಷಣ ಮಾಡಲಿಲ್ಲ. ಹೊಗೆಕೊಳವೆ ಇರುವ, ಗಾಳಿ ಹದವಾಗಿ ಆಡುವ, ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುವ ಒಲೆಯನ್ನು ರೂಪಿಸಿದರು. ಮಲೆನಾಡಿನ ಬಚ್ಚಲ ಹಂಡೆಗೂ ಅಂಥದೇ ಒಲೆ ಬಂತು. ಒಲೆ ಬದಲಾಯಿತು, ಸೌದೆ ತಾನಾಗಿ ಉಳಿಯಿತು, ಹೆಂಗಸರ ಕಣ್ಣು, ಎದೆಗೂಡು ಹೊಗೆಯಿಂದ ಪಾರಾದವು. ಅಭ್ಯಾಸ ಬದಲಿಸುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಪಾಠ ನನಗೆ ಕಂಡಿಲ್ಲ. ದಿನವೂ ಮನಸ್ಸು ಗಟ್ಟಿ ಮಾಡಿಕೊಂಡು ಪಾಲಿಸಬೇಕಾದ ವ್ರತ ಮೂರು ವಾರ ನಡೆಯುತ್ತದೆ. ಒಮ್ಮೆ ಬದಲಿಸಿಟ್ಟ ಸಲಕರಣೆ ನಾವು ಮರೆತರೂ ಕೆಲಸ ಮಾಡುತ್ತಲೇ ಇರುತ್ತದೆ.

ನಲ್ಲಿಯ ಬಾಯಿಗೆ ತಿರುಗಿಸುವ ಏರಿಯೇಟರ್ ಅಂಥದ್ದು. ಚಿಕ್ಕ ಜರಡಿಯಂಥ ಬಿಲ್ಲೆ, ಹಾರ್ಡ್‌ವೇರ್ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ನೀರಿಗೆ ಗಾಳಿ ಬೆರೆಸಿ, ಧಾರೆ ದಪ್ಪಗೇ ಕಾಣುವಂತೆ ಮಾಡಿ, ಹರಿವನ್ನು ಅರ್ಧಕ್ಕೂ ಕಡಿಮೆ ಮಾಡುತ್ತದೆ. 2024ರ ಬರದಲ್ಲಿ ಜಲಮಂಡಳಿ ಇದನ್ನು ಮಾಲ್, ವಾಣಿಜ್ಯ ಕಟ್ಟಡ, ದೊಡ್ಡ ಅಪಾರ್ಟ್‌ಮೆಂಟುಗಳ ಸಾರ್ವಜನಿಕ ನಲ್ಲಿಗಳಿಗೆ ಕಡ್ಡಾಯ ಮಾಡಿತು. ಸೀಲಿಂಗ್ ಫ್ಯಾನೂ ಹಾಗೆಯೇ. ಹಳೆಯದು 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಮೋಟಾರಿನ ಹೊಸದು 30ರ ಸುಮಾರು ಎಳೆಯುತ್ತದೆ. ಬಳ್ಳಾರಿ, ಕಲಬುರಗಿ, ರಾಯಚೂರಿನಂಥ ಊರುಗಳಲ್ಲಿ ವರ್ಷದ ಹೆಚ್ಚಿನ ದಿನ, ಹಗಲೂ ರಾತ್ರಿ ತಿರುಗುವ ಫ್ಯಾನುಗಳಿಗೆ ಇದರ ಬೆಲೆ ಬೇಗ ಹುಟ್ಟುತ್ತದೆ. ಎ.ಸಿ. ಇರುವವರಿಗೆ ಒಂದೇ ಮಾತು: ಒಂದೊಂದು ಡಿಗ್ರಿ ಏರಿಸಿದಂತೆಲ್ಲ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. ಅದಕ್ಕೇ 2020ರಿಂದ ಬಂದ ಸ್ಟಾರ್ ಗುರುತಿನ ಎ.ಸಿ.ಗಳು ಆನ್ ಮಾಡಿದ ಕೂಡಲೇ 24ರಲ್ಲಿ ನಿಲ್ಲುತ್ತವೆ. ಅದನ್ನು 18ಕ್ಕೆ ಇಳಿಸಿ ಕಂಬಳಿ ಹೊದ್ದು ಮಲಗುವವರನ್ನು ದೇವರೇ ಕಾಪಾಡಬೇಕು.

ಆರ್‌ಒ ಯಂತ್ರದ ಬಗ್ಗೆಯೂ ಹೇಳಲೇಬೇಕು. ಅದು ಒಂದು ಲೀಟರ್ ಶುದ್ಧ ನೀರು ಕೊಡಲು ಎರಡು ಮೂರು ಲೀಟರನ್ನು ಹೊರಗೆ ಚೆಲ್ಲುತ್ತದೆ. ಲವಣಾಂಶ ಹೆಚ್ಚಿರುವ ಕೊಳವೆಬಾವಿ ನೀರಿಗೆ, ಫ್ಲೋರೈಡ್ ಇರುವ ಕಡೆ, ಅದು ಅನಿವಾರ್ಯ. ಆದರೆ ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಲವಣವಿರುವ ಕಡೆ ಆರ್‌ಒ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿದೆ. ಕಾವೇರಿ ನೀರು ಆ ಮಿತಿಗಿಂತ ಸಾಕಷ್ಟು ಕೆಳಗಿದೆ. ಕಾವೇರಿ ನೀರು ಮಾತ್ರ ಬರುವ ಮನೆಗೆ ಕ್ಯಾಂಡಲ್ ಫಿಲ್ಟರೋ ಯುವಿ ಯಂತ್ರವೋ ಸಾಕು. ಈಗಾಗಲೇ ಆರ್‌ಒ ಕೂರಿಸಿದ್ದರೆ ಹಿಂದಿನ ಕೊಳವೆಯಿಂದ ಬರುವ ನೀರನ್ನು ಹಿಡಿದು ಪಾತ್ರೆ ತೊಳೆಯಲು, ಬಟ್ಟೆ ನೆನೆಸಲು ಬಳಸಬಹುದು.

ಇನ್ನು ಕಸ. ಬೆಂಗಳೂರಿನ ಕಸದ ಚರಿತ್ರೆಯನ್ನು ಮಾವಳ್ಳಿಪುರ, ಮಂಡೂರು ಎಂಬ ಎರಡು ಹಳ್ಳಿಗಳ ಹೆಸರಿಲ್ಲದೆ ಬರೆಯಲಾಗದು. ನಗರದ ಕಸವನ್ನೆಲ್ಲ ವಿಂಗಡಿಸದೆ ಲಾರಿಗಟ್ಟಲೆ ಅಲ್ಲಿ ಸುರಿಯಲಾಯಿತು. ಬಾವಿ ನೀರು ಕೆಟ್ಟಿತು, ನೊಣ ಮುತ್ತಿತು, ಊರಿಗೆ ಹೆಣ್ಣು ಕೊಡುವವರಿಲ್ಲ ಎಂಬಂಥ ದೂರುಗಳು ಬಂದವು. ಜನ ರಸ್ತೆಗೆ ಅಡ್ಡ ಮಲಗಿದರು. ಮಾವಳ್ಳಿಪುರ 2012ರಲ್ಲಿ ಮುಚ್ಚಿತು, ಮಂಡೂರಿಗೆ ಲಾರಿಗಳು ನಿಂತದ್ದು 2014ರ ಡಿಸೆಂಬರ್ ಒಂದರಂದು. ಮರುವರ್ಷ ಡಿಸೆಂಬರಿನಲ್ಲಿ ಹೈಕೋರ್ಟ್ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿ ಕಸಕ್ಕೆ ಹಸಿರು ಡಬ್ಬ, ಡೈಪರ್, ಸ್ಯಾನಿಟರಿ ಪ್ಯಾಡಿನಂಥವಕ್ಕೆ ಕೆಂಪು ಡಬ್ಬ, ಒಣ ಕಸಕ್ಕೆ ಬಿಳಿ ಚೀಲ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲೋ ಕಸದ ಆಟೋದ ಪಕ್ಕದಲ್ಲೋ ಕೈಗವಸೂ ಇಲ್ಲದೆ ನಿಂತು ನಮ್ಮ ಕಸವನ್ನು ಮತ್ತೊಮ್ಮೆ ವಿಂಗಡಿಸುವ ಹೆಂಗಸು, 'ಅಕ್ಕಾ, ಪ್ಯಾಡನ್ನ ಪೇಪರ್‌ನಲ್ಲಿ ಸುತ್ತಿ ಬೇರೆ ಕೊಡಿ ಅಕ್ಕಾ' ಎಂದು ಕೇಳುವುದು ಹೈಕೋರ್ಟಿನ ಆದೇಶ ಓದಿಕೊಂಡಲ್ಲ. ಅವಳ ಬೆರಳಿಗೆ ಅದು ತಾಗುತ್ತದೆ, ಅಷ್ಟೆ.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸವೇ. ಗುಡ್ಡೆ ಹಾಕಿದ ಕಸದ ಅಡಿಯಲ್ಲಿ ಗಾಳಿಯಾಡದೆ ಕೊಳೆತಾಗ ಅದು ಮಿಥೇನ್ ಹೊಮ್ಮಿಸುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಮಿಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿದಿಡುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಕಡೆ ಕೊಳೆತರೆ ಗೊಬ್ಬರ. ಜೊತೆಗೆ, ಹಸಿ ಕಸ ಮನೆಯಲ್ಲೇ ಉಳಿದರೆ ಒಣ ಕಸ ಶುಚಿಯಾಗಿ ಆಯುವವರ ಕೈಗೆ ಸಿಗುತ್ತದೆ, ಅದಕ್ಕೊಂದು ಬೆಲೆ ಬರುತ್ತದೆ. ಸಾಂಬಾರು ಮೆತ್ತಿದ ಹಾಲಿನ ಕವರನ್ನು ಯಾವ ಗುಜರಿಯವನೂ ಮುಟ್ಟುವುದಿಲ್ಲ.

ಗೊಬ್ಬರ ಮಾಡುವುದು ಕಷ್ಟವೆಂದು ಹೆದರುವವರು ಹೆಚ್ಚು. ಬೆಂಗಳೂರಿನಲ್ಲಿ ಪೂನಂ ಬೀರ್ ಕಸ್ತೂರಿ ಅವರು 2006ರಲ್ಲಿ ಶುರು ಮಾಡಿದ 'ಡೈಲಿ ಡಂಪ್' ಸಂಸ್ಥೆಯ ಮಣ್ಣಿನ 'ಖಂಬ' ಈಗ ಅನೇಕ ಬಾಲ್ಕನಿಗಳಲ್ಲಿದೆ. ಒಂದರ ಮೇಲೊಂದು ಕೂರುವ ಮೂರು ಮಡಕೆಗಳು, ಸುತ್ತ ಗಾಳಿಗೆ ತೂತು. ಮೇಲಿನ ಎರಡು ತುಂಬಲು, ಕೆಳಗಿನದು ಮಾಗಲು. ಅದೇ ಬೇಕೆಂದಿಲ್ಲ, ತೂತು ಕೊರೆದ ಹಳೆಯ ಪೇಂಟ್ ಡಬ್ಬವೂ ಆದೀತು. ಗುಟ್ಟಿರುವುದು ಪಾತ್ರೆಯಲ್ಲಲ್ಲ, ಹದದಲ್ಲಿ. ತರಕಾರಿ ಸಿಪ್ಪೆ, ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಹಾಕಿ, ಮೇಲೊಂದು ಪದರ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹರಡಬೇಕು. ಆರಂಭದಲ್ಲಿ ಒಂದಿಷ್ಟು ಹುಳಿ ಮಜ್ಜಿಗೆ ಚಿಮುಕಿಸಿದರೆ ಸೂಕ್ಷ್ಮಜೀವಿಗಳು ಬೇಗ ಹತ್ತಿಕೊಳ್ಳುತ್ತವೆ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ಕೆದಕಬೇಕು. ಕೈಗೆ ತೆಗೆದುಕೊಂಡು ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಸುರಿಯಬಾರದು. ಗಬ್ಬು ನಾರಿದರೆ ನೀರು ಜಾಸ್ತಿಯಾಗಿದೆ ಎಂದರ್ಥ, ಇನ್ನೆರಡು ಹಿಡಿ ಒಣ ಎಲೆ ಸುರಿದು ಕೆದಕಿದರೆ ಮಾರನೆ ದಿನವೇ ವಾಸನೆ ಇಳಿಯುತ್ತದೆ. ಬೆಳ್ಳಗೆ ದಪ್ಪನೆಯ ಹುಳು ಕಂಡು ಮನೆಮಂದಿ ಕಿರುಚಿದರೆ ಹೆದರಬೇಡಿ, ಅವು ಕಪ್ಪು ಸೈನಿಕ ನೊಣದ ಮರಿಗಳು, ಕಚ್ಚುವುದಿಲ್ಲ, ರೋಗ ತರುವುದಿಲ್ಲ, ನಿಮ್ಮ ಕೆಲಸವನ್ನೇ ಮಾಡಿಕೊಡುತ್ತಿವೆ. ತೆಂಗಿನ ಚಿಪ್ಪು, ಮಾವಿನ ಓಟೆ, ಮೂಳೆ ಹಾಕಬೇಡಿ. ನಾಲ್ಕು ಜನರ ಮನೆಯ ದಿನಕ್ಕೊಂದು ಕಿಲೋ ಆಸುಪಾಸಿನ ಹಸಿ ಕಸ ಎಷ್ಟು ಹಾಕಿದರೂ ಇಳಿಯುತ್ತಲೇ ಹೋಗುವುದನ್ನು ನೋಡುವುದೇ ಒಂದು ಸೋಜಿಗ. ಅದರಲ್ಲಿ ಬಹುಪಾಲು ನೀರೇ ಅಲ್ಲವೇ? ಎರಡು ಮೂರು ತಿಂಗಳಲ್ಲಿ ಕೆಳಗಿನ ಮಡಕೆಯಲ್ಲಿ ಕಾಫಿಪುಡಿ ಬಣ್ಣದ ಗೊಬ್ಬರ ಕೈಗೆ ಬರುತ್ತದೆ.

ಗೊಬ್ಬರಕ್ಕಿಂತ ಒಳ್ಳೆಯದು ಅನ್ನವನ್ನು ಕಸವಾಗಲು ಬಿಡದಿರುವುದು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯ ಪ್ರಕಾರ ಭಾರತದ ಮನೆಗಳಲ್ಲಿ ತಲಾ ವರ್ಷಕ್ಕೆ 55 ಕಿಲೋ ಆಹಾರ ಹಾಳಾಗುತ್ತದೆ. ಜಗತ್ತಿನ ಸರಾಸರಿ 79 ಕಿಲೋ. ನಾವು ಪರವಾಗಿಲ್ಲ ಎನ್ನಬಹುದು. ರಾತ್ರಿ ಉಳಿದ ಅನ್ನ ಬೆಳಗ್ಗೆ ಚಿತ್ರಾನ್ನವಾಗುವ, ಉಳಿದ ದೋಸೆ ಹಿಟ್ಟು ಪಡ್ಡು ಆಗುವ ಮನೆಗಳು ಇನ್ನೂ ಉಳಿದಿರುವುದರಿಂದ ಈ ಮರ್ಯಾದೆ. ಆದರೆ ಮದುವೆ ಮನೆಗೆ ಬಂದರೆ ಲೆಕ್ಕ ತಿರುವುಮುರುವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ ಕಲ್ಯಾಣಮಂಟಪಗಳನ್ನು ಸಮೀಕ್ಷೆ ಮಾಡಿ 2012ರಲ್ಲಿ ಹೊರತಂದ ವರದಿ, ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಎಲೆಯಲ್ಲೇ ಹಾಳಾಗುತ್ತದೆ ಎಂದು ಅಂದಾಜಿಸಿತ್ತು. ಬಡಿಸುವವರು ಓಡುತ್ತಾ ಬಡಿಸುತ್ತಾರೆ, ಬೇಡ ಎನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಎರಡನೇ ಹೋಳಿಗೆ ಬಿದ್ದಿರುತ್ತದೆ. ಐಟಂ ಜಾಸ್ತಿಯಾದಷ್ಟೂ ಮರ್ಯಾದೆ ಜಾಸ್ತಿ ಎಂಬ ನಂಬಿಕೆ ಅಡುಗೆ ಕಾಂಟ್ರಾಕ್ಟರಿಗಿಂತ ಬೀಗರಿಗೇ ಹೆಚ್ಚು. ಎಲೆಯ ವಿಷಯದಲ್ಲಿ ಮಾತ್ರ ನಮ್ಮವರನ್ನು ಮೆಚ್ಚಬೇಕು. ಬಾಳೆಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಇರುವಾಗ ಥರ್ಮಾಕೋಲ್ ತಟ್ಟೆ ನುಸುಳಿದ್ದೇ ನಾಚಿಕೆ. 2022ರ ಜುಲೈ ಒಂದರಿಂದ ಏಕಬಳಕೆಯ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ ದೇಶದಾದ್ಯಂತ ನಿಷೇಧವಿದೆ. ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ 'ಪ್ಲೇಟ್ ಬ್ಯಾಂಕ್' ಅನ್ನು ಅದಮ್ಯ ಚೇತನ ಸಂಸ್ಥೆ ಬೆಂಗಳೂರಿನಲ್ಲಿ ನಡೆಸುತ್ತಿದೆ. ಒಂದೊಂದು ಬಡಾವಣೆಯ ಗಣೇಶ ಸಮಿತಿಯೂ ಇಂಥದ್ದೊಂದನ್ನು ಇಟ್ಟುಕೊಳ್ಳಲು ಏನಡ್ಡಿ?

ತಟ್ಟೆಯಲ್ಲಿರುವುದರ ಬಗ್ಗೆ ಒಂದು ಮಾತು. ನೀರು ನಿಲ್ಲಿಸಿದ ಗದ್ದೆಯಲ್ಲಿ ಭತ್ತ ಬೆಳೆಯುವಾಗ ಕೆಸರಿನಿಂದ ಮಿಥೇನ್ ಏಳುತ್ತದೆ. ರಾಗಿ ಮಳೆಯ ನೀರಲ್ಲೇ ಬರುತ್ತದೆ. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ದಿನದ ಒಂದು ಊಟ ಮುದ್ದೆಯಾದರೆ ಸಾಕು, ಇದಕ್ಕೆ ಸಿರಿಧಾನ್ಯದ ದುಬಾರಿ ಪೊಟ್ಟಣ ಬೇಕಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಬಾಕಿ ಉಳಿಯುತ್ತದೆ, ಅದು ಗೇಟಿನ ಬಳಿ ನಿಂತಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿನಲ್ಲಿ ಒಬ್ಬರೇ ಕೂತು ದಿನಕ್ಕೆ 20 ಕಿಲೋಮೀಟರ್ ಓಡಾಡಿದರೆ, ವರ್ಷದ 250 ಕೆಲಸದ ದಿನಗಳಿಗೆ 1,150 ಕಿಲೋ. ಭಾರತೀಯನೊಬ್ಬನ ಸರಾಸರಿ ವಾರ್ಷಿಕ ಪಾಲು ಸುಮಾರು ಎರಡು ಟನ್ ಮಾತ್ರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಫೀಸಿನ ದಾರಿಯಲ್ಲೇ ಮುಗಿಯಿತು. ದಿನದ ಅದೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರಿನಲ್ಲಾದರೆ ಒಂದು ಯೂನಿಟ್ಟೂ ಬೇಕಾಗದು. ಮೆಟ್ರೊ, ಬಸ್ಸಿನಲ್ಲಾದರೆ ನಿಮ್ಮ ಪಾಲು ಇನ್ನೂ ಕರಗುತ್ತದೆ. ಕೊತ್ತಂಬರಿ ಸೊಪ್ಪಿಗೆಂದು ಅರ್ಧ ಕಿಲೋಮೀಟರ್ ಕಾರು ತೆಗೆಯುವ ಚಾಳಿಗೆ ಯಾವ ಸಮಜಾಯಿಷಿಯೂ ಇಲ್ಲ.

ಆದರೆ ಇಲ್ಲಿ ಬರಿಯ ಅಭ್ಯಾಸವನ್ನು ದೂರಿ ಪ್ರಯೋಜನವಿಲ್ಲ. 2023ರ ಜೂನಿನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ ಲಕ್ಷಾಂತರ ಹೆಣ್ಣುಮಕ್ಕಳು ಬಸ್ ಹತ್ತಿದ್ದು ಪರಿಸರ ಭಾಷಣ ಕೇಳಿ ಅಲ್ಲ. ದಾರಿ ಸುಲಭವಾಯಿತು, ಹತ್ತಿದರು. ಅಸ್ತ್ರ ಒಲೆಯ ಪಾಠವೇ ಇಲ್ಲೂ ನಡೆಯಿತು. 2025ರ ಆಗಸ್ಟಿನಲ್ಲಿ ಬೊಮ್ಮಸಂದ್ರದ ಮೆಟ್ರೊ ಹಳದಿ ಮಾರ್ಗ ತೆರೆದಾಗಲೂ ಹೊಸೂರು ರಸ್ತೆಯ ಜನ ಗಾಡಿ ಬಿಟ್ಟು ರೈಲು ಹಿಡಿದರು. ಮನೆಯಿಂದ ನಿಲ್ದಾಣದವರೆಗಿನ ಒಂದು ಕಿಲೋಮೀಟರ್ ಮಾತ್ರ ಇನ್ನೂ ಯಾರ ಜವಾಬ್ದಾರಿಯೂ ಅಲ್ಲ. ಕಿತ್ತುಹೋದ ಚಪ್ಪಡಿ, ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ನಿಲ್ಲಿಸಿದ ಬೈಕು, ಕತ್ತಲು. ಆ ಒಂದು ಕಿಲೋಮೀಟರನ್ನು ವಯಸ್ಸಾದವರು, ಮಕ್ಕಳ ಕೈಹಿಡಿದ ತಾಯಂದಿರು ನಡೆಯಲಾರರು, ಹಾಗಾಗಿ ಕಾರು ತೆಗೆಯುತ್ತಾರೆ.

ಮನೆಯೊಳಗಿನ ಗೀಸರ್, ಫ್ಯಾನ್, ಕಸದ ಮಡಕೆ ನಮ್ಮ ಕೈಯಲ್ಲಿವೆ, ಅವುಗಳಿಗೆ ಯಾರನ್ನೂ ಕಾಯಬೇಕಿಲ್ಲ. ಗೇಟಿನಾಚೆಯದಕ್ಕೆ ಕೇಳಬೇಕು, ಪದೇ ಪದೇ ಕೇಳಬೇಕು. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳು ಬಂದಿವೆ, ಅರ್ಜಿ ಕೊಡುವ ಕಚೇರಿಯಂತೂ ಹತ್ತಿರವಾಗಿದೆ. ನಿಮ್ಮ ಬೀದಿಯ ನಾಲ್ಕು ಮನೆಯವರ ಸಹಿ ಹಾಕಿಸಿ, ಬಸ್ ಸ್ಟಾಪಿನವರೆಗೆ ನಡೆಯಲು ಬರುವಂಥ ಫುಟ್‌ಪಾತ್ ಮತ್ತು ಉರಿಯುವ ಬೀದಿದೀಪ ಕೊಡಿ ಎಂದು ಈ ತಿಂಗಳೇ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆದುಕೊಂಡು ಬನ್ನಿ.